ಹರಳು ಒಡೆದ ಗುರುಗಳು

ಅಡುಗೆಮನೆಯ ಕಲ್ಲುಪ್ಪನ್ನು ಎಂದಾದರೂ ಬೆಳಕಿಗೆ ಹಿಡಿದು ನೋಡಿದ್ದೀರಾ? ಹರಳು ಪುಟ್ಟ ಪೆಟ್ಟಿಗೆಯಂತಿರುತ್ತದೆ. ಒಡೆದರೂ ಸಣ್ಣ ಪೆಟ್ಟಿಗೆಗಳೇ. ಇದು ಹೀಗೇಕೆ ಎಂದು ತಿಳಿಯುವ ದಾರಿ ತೋರಿದವರು ಒಬ್ಬ ಕಥೋಲಿಕ ಗುರುಗಳು, ಫ್ರಾನ್ಸಿನ ಸ್ವಾಮಿ ರೆನೆ ಜೂಸ್ತ್ ಅಯುಯಿ.

1743ರಲ್ಲಿ ಬಡ ನೇಕಾರನ ಮಗನಾಗಿ ಹುಟ್ಟಿದರು. ದೇವಾಲಯದ ಗಾಯನಕ್ಕೆ ಮನಸೋತು ಮಠಕ್ಕೆ ತಪ್ಪದೆ ಬರುತ್ತಿದ್ದ ಹುಡುಗನಿಗೆ ಅಲ್ಲಿನ ಸನ್ಯಾಸಿಗಳು ಪಾಠ ಹೇಳಿದರು. ತಾಯಿ ಅವನನ್ನು ಪ್ಯಾರಿಸಿಗೆ ಕರೆದೊಯ್ದಳು. ಗಾನವೃಂದದಲ್ಲಿ ಹಾಡಿ, ವಿದ್ಯಾರ್ಥಿವೇತನದಿಂದ ಓದಿ, 1770ರಲ್ಲಿ ಗುರುದೀಕ್ಷೆ ಪಡೆದು ಅಧ್ಯಾಪಕರಾದರು.

ಒಮ್ಮೆ ಸ್ನೇಹಿತರ ಮನೆಯಲ್ಲಿ ಕ್ಯಾಲ್ಸೈಟ್ ಹರಳಿನ ಗೊಂಚಲೊಂದು ಅವರ ಕೈಜಾರಿ ಬಿದ್ದು ಒಡೆಯಿತಂತೆ. ನಾವಾಗಿದ್ದರೆ ಕ್ಷಮೆ ಕೇಳಿ ಚೂರು ಗುಡಿಸುತ್ತಿದ್ದೆವು. ಅವರು ಚೂರುಗಳನ್ನೇ ನೋಡುತ್ತ ನಿಂತರು. ಮನೆಗೆ ಬಂದು ತಮ್ಮ ಸಂಗ್ರಹದ ಕ್ಯಾಲ್ಸೈಟುಗಳನ್ನೂ ಒಡೆದರು! ಹೊರಗಿನ ಆಕಾರ ಏನೇ ಇರಲಿ, ಒಳಗಿನ ತುಂಡು ಮಾತ್ರ ಅದೇ ಓರೆ ಪೆಟ್ಟಿಗೆ. ಇಟ್ಟಿಗೆ ಒಂದೇ, ಜೋಡಿಸುವ ಬಗೆ ಹಲವು ಎಂದು 1784ರ ಗ್ರಂಥದಲ್ಲಿ ಲೆಕ್ಕಸಮೇತ ತೋರಿಸಿದರು. ಕೇರಳದ ಕಡಲ ಮರಳಿನಲ್ಲಿ ಮೊನಜೈಟ್ ಇದೆಯಲ್ಲ, ಅದು ಲ್ಯಾಂಥನೈಡ್ ಲೋಹಗಳ ಫಾಸ್ಫೇಟ್. ಇಂದು ಪ್ರಯೋಗಾಲಯದಲ್ಲಿ ಅಂಥ ಫಾಸ್ಫೇಟುಗಳನ್ನು ತಯಾರಿಸಿ, ಅವು ಸರಪಳಿಯಂತೆ, ಬಲೆಯಂತೆ ಹೇಗೆ ಹೆಣೆದುಕೊಂಡಿವೆ ಎಂದು ಎಕ್ಸ್-ಕಿರಣದಿಂದ ನೋಡುವವರೂ ಹುಡುಕುವುದು ಮತ್ತೆ ಮತ್ತೆ ಬರುವ ಆ ಒಂದು ಇಟ್ಟಿಗೆಯನ್ನೇ.

ಫ್ರೆಂಚ್ ಕ್ರಾಂತಿ ಬಂತು. ಧರ್ಮಸಭೆಯನ್ನು ಸರಕಾರಕ್ಕೆ ಅಧೀನಗೊಳಿಸುವ ಪ್ರಮಾಣವಚನಕ್ಕೆ ಸ್ವಾಮಿಗಳು ಒಪ್ಪಲಿಲ್ಲ. 1792ರ ಆಗಸ್ಟಿನಲ್ಲಿ ಅವರನ್ನು ಸಂತ ಫರ್ಮಿನ್ ಗುರುಮಠದಲ್ಲಿ ಸೆರೆಯಿಟ್ಟರು. ಅಲ್ಲೂ ಹರಳುಗಳನ್ನು ತರಿಸಿಕೊಂಡು ಜೋಡಿಸುತ್ತ ಕುಳಿತರಂತೆ! ಶಿಷ್ಯ ಜೆಫ್ರುವಾ ಸಾಂತಿಲೇರ್ ಓಡಾಡಿ ಬಿಡುಗಡೆಯ ಆಜ್ಞೆ ತಂದರೆ, ಇವರಿಗೆ ಹೊರಡುವ ಆತುರವಿಲ್ಲ. ಮರುದಿನ ಬೆಳಿಗ್ಗೆ ಬಲಿಪೂಜೆ ಮುಗಿಸಿಯೇ ಬರುತ್ತೇನೆಂದರು. ಒತ್ತಾಯದಿಂದಲೇ ಹೊರಗೆ ಕರೆತರಬೇಕಾಯಿತು. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ ಆರಂಭದಲ್ಲಿ, ಆ ಗುರುಮಠದಲ್ಲಿದ್ದ ಅನೇಕ ಗುರುಗಳನ್ನು ಜನರ ಗುಂಪು ಕೊಂದುಹಾಕಿತು. 1926ರಲ್ಲಿ ಧರ್ಮಸಭೆ ಅವರಲ್ಲಿ ಬಹುಮಂದಿಗೆ ಪುನೀತರ ಪಟ್ಟ ಕೊಟ್ಟಿತು.

ಜೀವ ಉಳಿಯಿತೆಂದು ಸ್ವಾಮಿಗಳು ತಲೆಮರೆಸಿಕೊಂಡರೇ? ಇಲ್ಲ. ವಿಜ್ಞಾನಿ ಲಾವೋಸಿಯೇ ಸೆರೆಯಾದಾಗ ಅವರ ಬಿಡುಗಡೆಗಾಗಿ ಅರ್ಜಿ ಬರೆದರು. ಪ್ರಮಾಣವಚನ ಒಪ್ಪದ ಗುರುವಿಗೆ ಅದೆಷ್ಟು ಅಪಾಯದ ಕೆಲಸ, ಯೋಚಿಸಿ. ಅರ್ಜಿ ಫಲಿಸಲಿಲ್ಲ, 1794ರಲ್ಲಿ ಲಾವೋಸಿಯೇ ತಲೆ ಕಡಿದರು.

ಇನ್ನು ಅವರ ತಮ್ಮ ವಾಲಂತೀನ್. ಕುರುಡು ಮಕ್ಕಳಿಗೆ ಪ್ಯಾರಿಸಿನಲ್ಲಿ ಶಾಲೆ ತೆರೆದವರು ಅವರೇ. ಲೂಯಿ ಬ್ರೈಲ್ ಓದಿದ್ದು ಅದೇ ಶಾಲೆಯಲ್ಲಿ. ಮುಪ್ಪಿನಲ್ಲಿ ಆಸರೆಯಿಲ್ಲದೆ ಹಿಂದಿರುಗಿದ ತಮ್ಮನನ್ನು ಅಣ್ಣ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಆ ಹೊತ್ತಿಗೆ ಅಣ್ಣನ ಪಿಂಚಣಿಯೂ ನಿಂತಿತ್ತು. 1822ರ ಮಾರ್ಚಿನಲ್ಲಿ ತಮ್ಮ ತೀರಿಕೊಂಡರು, ಜೂನಿನಲ್ಲಿ ಅಣ್ಣ. ಮನೆಯವರಿಗೆ ಅಣ್ಣ ಬಿಟ್ಟುಹೋದ ಆಸ್ತಿಯೆಂದರೆ ಹರಳುಗಳ ಸಂಗ್ರಹ. 1848ರಲ್ಲಿ ಅದು ಪ್ಯಾರಿಸಿನ ವಸ್ತುಸಂಗ್ರಹಾಲಯ ಸೇರಿತು.