ಗೇಟಿನ ಮುಂದಿನ ಖಡಿ ರಾಶಿ ಮತ್ತು ಭಾಸ್ಕರಾಚಾರ್ಯರು: ಫಾರ್ವರ್ಡ್‌ಗಳು ಹೇಳದ ಕಥೆ

ಧಾರವಾಡದ ಸಪ್ತಾಪುರದಲ್ಲಿ ಮಳೆಗಾಲಕ್ಕೆ ಮುಂಚೆ ನಾಲ್ಕು ಓಣಿ ಸುತ್ತಿದರೆ ಯಾವುದಾದರೂ ಮನೆಯ ಗೇಟಿನ ಮುಂದೆ ಖಡಿ ರಾಶಿ ಕಾಣುತ್ತದೆ. ಗಾಡಿ ಒಳಗೆ ಬರುವ ದಾರಿ ಕೆಸರಾಗಬಾರದೆಂದು ತರಿಸಿದ್ದು. ಟ್ರ್ಯಾಕ್ಟರ್‌ನವರು ಒಂದು ಬ್ರಾಸ್ ಎಂದು ಹೇಳಿ, ಸುರಿದು, ಹಣ ಪಡೆದು ಹೋಗಿರುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಸುರಿದ ರಾಶಿ ನಿಜಕ್ಕೂ ನೂರಿದೆಯೋ, ಎಪ್ಪತ್ತೈದೇ ಇದೆಯೋ ನೋಡುವುದು ಹೇಗೆ?

ಇದಕ್ಕೆ ಬೇಕಾದ ಲೆಕ್ಕವನ್ನು 1150ರಲ್ಲೇ ಬರೆದಿಟ್ಟವರು ಭಾಸ್ಕರಾಚಾರ್ಯರು. ಇವರ ಹೆಸರು ನಿಮ್ಮ ಫೋನಿಗೆ ಈಗಾಗಲೇ ಬಂದಿರುತ್ತದೆ. ನ್ಯೂಟನ್‌ಗಿಂತ 500 ವರ್ಷ ಮೊದಲೇ ಗುರುತ್ವ ನಿಯಮ ಕಂಡುಹಿಡಿದವರು ಎಂದು ಒಂದು ಫಾರ್ವರ್ಡ್. ಮಗಳು ಲೀಲಾವತಿಯ ಮದುವೆ ತಪ್ಪಿದ್ದಕ್ಕೆ ಪುಸ್ತಕ ಬರೆದವರು ಎಂದು ಇನ್ನೊಂದು. ರಾಶಿ ಅಳೆಯುವುದನ್ನು ಕಲಿಸಿದವರು ಎಂದು ಮಾತ್ರ ಯಾರೂ ಕಳಿಸುವುದಿಲ್ಲ. ಹಾಗಾಗಿ ನಾವು ಅವರ ಬದುಕನ್ನು ಆ ಕಡೆಯಿಂದ ನೋಡೋಣ.

ಅವರು ಯಾರು?

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ. ಇದನ್ನು ಅವರೇ ಬರೆದಿದ್ದಾರೆ. ತಂದೆ ಮಹೇಶ್ವರರೇ ಗುರು. ತಮ್ಮ ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ಎನ್ನುತ್ತಾರೆ. ಅದು ನಮ್ಮ ವಿಜಯಪುರವೇ ಎಂದು ನಂಬುವವರು ಬಹಳ. ಮಹಾರಾಷ್ಟ್ರದ ಚಾಳೀಸ್‌ಗಾಂವ್ ಕಡೆ ಎನ್ನುವ ಸಂಶೋಧಕರೂ ಇದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ತಮ್ಮ 36ನೇ ವಯಸ್ಸಿನಲ್ಲಿ ಅವರು 'ಸಿದ್ಧಾಂತ ಶಿರೋಮಣಿ' ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂದು ಅದಕ್ಕೆ ನಾಲ್ಕು ಭಾಗ. 1183ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಗ್ರಹಗಳ ಲೆಕ್ಕ ಸುಲಭ ಮಾಡುವ 'ಕರಣಕುತೂಹಲ' ಬರೆದರು. ಮಗ ಲಕ್ಷ್ಮೀಧರ ಯಾದವ ಅರಸರ ಆಸ್ಥಾನದಲ್ಲಿದ್ದರು. ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನು ಓದಿಸಲು ಒಂದು ಮಠವನ್ನೇ ಸ್ಥಾಪಿಸಿದರು. ಚಾಳೀಸ್‌ಗಾಂವ್ ಹತ್ತಿರದ ಪಾಟಣದಲ್ಲಿರುವ, 13ನೇ ಶತಮಾನದ ಆರಂಭದ ಶಾಸನ ಇದನ್ನು ಹೇಳುತ್ತದೆ.

ಆ ಎರಡು ಫಾರ್ವರ್ಡ್‌ಗಳು ನಿಜವೇ?

ಮೊದಲನೆಯದು ಅರ್ಧ ನಿಜ. ಭೂಮಿಗೆ ಸೆಳೆಯುವ ಶಕ್ತಿ ಇದೆ, ಅದಕ್ಕೇ ಭಾರದ ವಸ್ತುಗಳು ಬೀಳುತ್ತವೆ ಎಂದು ಅವರು ಗೋಲಾಧ್ಯಾಯದಲ್ಲಿ ಬರೆದದ್ದು ನಿಜ. ಆದರೆ ದೂರ ಹೆಚ್ಚಿದಂತೆ ಸೆಳೆತ ಎಷ್ಟು ಕಡಿಮೆಯಾಗುತ್ತದೆ ಎಂಬ ನಿಯಮ ಅಲ್ಲಿಲ್ಲ. ನ್ಯೂಟನ್ ಕೊಟ್ಟದ್ದು ಅದನ್ನು.

ಎರಡನೆಯದಕ್ಕೆ ಆಧಾರ ತೀರ ಕಡಿಮೆ. ಮುಹೂರ್ತ ನೋಡುವ ಜಲಗಡಿಯಾರಕ್ಕೆ ಮುತ್ತು ಬಿದ್ದು ಮದುವೆ ನಿಂತ ಕಥೆ ಕಾಣುವುದು 1587ರಲ್ಲಿ, ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪರ್ಷಿಯನ್ ಅನುವಾದದ ಮುನ್ನುಡಿಯಲ್ಲಿ. ಅಂದರೆ 400 ವರ್ಷಕ್ಕೂ ಹೆಚ್ಚು ತಡವಾಗಿ. ಲೀಲಾವತಿ ಎಂಬ ಮಗಳಿದ್ದಳೆಂದು ಭಾಸ್ಕರಾಚಾರ್ಯರು ಎಲ್ಲೂ ಹೇಳಿಲ್ಲ. ಪುಸ್ತಕದಲ್ಲಿ ಅವರು ಬಾಲೆಯನ್ನು ಕರೆದು ಲೆಕ್ಕ ಕೇಳುವಂತೆ ಗೆಳೆಯನನ್ನೂ ವ್ಯಾಪಾರಿಯನ್ನೂ ಕರೆದು ಕೇಳುತ್ತಾರೆ. ಈ ಕಥೆಯಲ್ಲಿ ನಮಗೆ ಕಸಿವಿಸಿ ಮಾಡುವುದು ಇನ್ನೊಂದು: ಹುಡುಗಿಯ ಹಣೆಬರಹ ನೆಟ್ಟಗಿಲ್ಲದ್ದರಿಂದ ಗಣಿತ ಹುಟ್ಟಿತು ಎಂದು ನಾವು ಮಕ್ಕಳಿಗೆ ಹೇಳುತ್ತಿದ್ದೇವೆ.

ರಾಶಿ ಅಳೆಯುವ ಸೂತ್ರ

ಲೀಲಾವತಿಯಲ್ಲಿ ಗುಂಡಿ ತೋಡುವ ಲೆಕ್ಕವಿದೆ, ಇಟ್ಟಿಗೆ ಪೇರಿಸುವ ಲೆಕ್ಕವಿದೆ, ಕಟ್ಟಿಗೆ ಕೊಯ್ಯುವ ಲೆಕ್ಕವಿದೆ. ಅದರ ಜೊತೆಗೇ ಕಣದಲ್ಲಿ ಸುರಿದ ಕಾಳಿನ ರಾಶಿಯ ಲೆಕ್ಕವೂ ಇದೆ. ರಾಶಿಯ ಸುತ್ತಳತೆಯನ್ನು 6ರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದನ್ನು ಎತ್ತರದಿಂದ ಗುಣಿಸಿ. ಅಷ್ಟೇ.

ನಿಮ್ಮ ಖಡಿ ರಾಶಿಯ ಸುತ್ತಳತೆ 30 ಅಡಿ, ಎತ್ತರ 4 ಅಡಿ ಎನ್ನಿ. 30ನ್ನು 6ರಿಂದ ಭಾಗಿಸಿದರೆ 5. 5×5 = 25. 25×4 = 100 ಘನ ಅಡಿ. ಸರಿಯಾಗಿ ಒಂದು ಬ್ರಾಸ್.

ಗೋಡೆಗೆ ಒರಗಿದ ರಾಶಿಗೂ ದಾರಿ ಹೇಳಿದ್ದಾರೆ. ಅದು ಅರ್ಧ ರಾಶಿ. ಹೊರಗೆ ಕಾಣುವ ಸುತ್ತಳತೆಯನ್ನು ಎರಡರಿಂದ ಗುಣಿಸಿ ಲೆಕ್ಕ ಮಾಡಿ, ಉತ್ತರದಲ್ಲಿ ಅರ್ಧ ತೆಗೆದುಕೊಳ್ಳಬೇಕು. ಒಳಮೂಲೆಯಲ್ಲಿದ್ದರೆ ನಾಲ್ಕರಿಂದ ಗುಣಿಸಿ, ಉತ್ತರದ ಕಾಲು ಭಾಗ ತೆಗೆದುಕೊಳ್ಳಬೇಕು.

ಸೂತ್ರ ಎಷ್ಟು ನಿಖರ? ಇಂದಿನ ಶಂಕುವಿನ ಸೂತ್ರದಲ್ಲಿ ಇದೇ ರಾಶಿ ಸುಮಾರು 95.5 ಘನ ಅಡಿ. ಅಂದರೆ ಹಳೆಯ ಸೂತ್ರ ಸುಮಾರು ಶೇ. 5ರಷ್ಟು ಹೆಚ್ಚು ತೋರಿಸುತ್ತದೆ. ಇದು ಅಜ್ಞಾನವಲ್ಲ. ವೃತ್ತದ ಸುತ್ತಳತೆಗೆ 3927/1250, ಅಂದರೆ 3.1416 ಎಂಬ ಸೂಕ್ಷ್ಮ ಬೆಲೆಯನ್ನು ಅದೇ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಕಣದಲ್ಲಿ ನಿಂತು ಬಾಯಿಲೆಕ್ಕ ಮಾಡುವವರಿಗೆ ಸುಲಭದ್ದೇ ಸಾಕು.

ಒಂದು ಎಚ್ಚರಿಕೆ. ಕಾಳಿನ ರಾಶಿಗೆ ಎತ್ತರವು ಸುತ್ತಳತೆಯ ಹತ್ತರಲ್ಲೊಂದು ಭಾಗ ಎಂದು ಅಲ್ಲಿ ಹೇಳಿದೆ. ಖಡಿ ಅದಕ್ಕಿಂತ ಕಡಿದಾಗಿ ನಿಲ್ಲುತ್ತದೆ. ಆದ್ದರಿಂದ ಎತ್ತರವನ್ನು ಕೋಲು ಹಿಡಿದು ಅಳೆಯಿರಿ. ರಾಶಿ ಉದ್ದಕ್ಕೆ ಚೆಲ್ಲಿದ್ದರೆ ಈ ಸೂತ್ರ ಹೊಂದದು. ಅದಕ್ಕೆ ಸುರಿಯುವ ಮೊದಲೇ ಟ್ರಾಲಿಯಲ್ಲಿ ಖಡಿ ತುಂಬಿರುವ ಉದ್ದ, ಅಗಲ, ಎತ್ತರ ಗುಣಿಸಿಕೊಳ್ಳುವುದು ಒಳ್ಳೆಯದು.

ನಿಮ್ಮ ದಾರಿಗೆ ಎಷ್ಟು ಖಡಿ ಬೇಕು?

ಉದ್ದ × ಅಗಲ × ದಪ್ಪ. ಬಹಳ ಜನ ಎಡವುವುದು ದಪ್ಪದಲ್ಲಿ. ಅದು ಇಂಚಿನಲ್ಲಿರುವುದರಿಂದ 12ರಿಂದ ಭಾಗಿಸಬೇಕು. 30 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪಕ್ಕೆ 30×10×4÷12 = 100 ಘನ ಅಡಿ. ಕುಟ್ಟಿ ಗಟ್ಟಿ ಮಾಡಿದಾಗ ಖಡಿ ಕುಗ್ಗುವುದರಿಂದ 10–15 ಘನ ಅಡಿ ಹೆಚ್ಚಿಗೆ ಹೇಳಿ.

ಅಳತೆಯಲ್ಲಿ ಐದಾರು ಘನ ಅಡಿ ಅತ್ತಿತ್ತ ಆದರೆ ಜಗಳ ಬೇಡ, ರಾಶಿ ಎಂದೂ ಪೂರ್ತಿ ದುಂಡಗಿರುವುದಿಲ್ಲ. 75 ಬಂದರೆ ಮಾತ್ರ ಟೇಪು ಹಿಡಿದೇ ಕೇಳಿ.

ಮುಂದಿನ ಸಲ ಮುತ್ತಿನ ಕಥೆ ಬಂದರೆ, ಅದರ ಬದಲು ಈ ಲೆಕ್ಕ ಕಳಿಸಿ. ಭಾಸ್ಕರಾಚಾರ್ಯರು ನಿಜವಾಗಿ ಬರೆದದ್ದು ಇದನ್ನೇ, ಮತ್ತು ಇದು ಯಾರದಾದರೂ ಹಣ ಉಳಿಸುತ್ತದೆ.