ಲೂಸಿ ವಿಲ್ಸ್

ಲೂಸಿ ವಿಲ್ಸ್ (ಮೇ 10, 1888 – ಏಪ್ರಿಲ್ 16, 1964) ಇಂಗ್ಲೆಂಡಿನ ವೈದ್ಯೆ ಹಾಗೂ ರಕ್ತಶಾಸ್ತ್ರಜ್ಞೆ. ಗರ್ಭಿಣಿಯರನ್ನು ಕಾಡುವ ಒಂದು ಬಗೆಯ ತೀವ್ರ ರಕ್ತಹೀನತೆಗೆ ಆಹಾರದ ಕೊರತೆಯೇ ಕಾರಣವೆಂದು ಇವರು ಭಾರತದಲ್ಲಿ ನಡೆಸಿದ ಸಂಶೋಧನೆಗಳಿಂದ ತೋರಿಸಿಕೊಟ್ಟರು. ಈ ಕಾರ್ಯವೇ ಮುಂದೆ ಫೋಲಿಕ್ ಆಮ್ಲದ ಶೋಧಕ್ಕೆ ದಾರಿಮಾಡಿತು.

ಜನನ ಮತ್ತು ವಿದ್ಯಾಭ್ಯಾಸ

ಬರ್ಮಿಂಗ್‌ಹ್ಯಾಮ್ ಸಮೀಪದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜನಿಸಿದ ಇವರು ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನಗಳನ್ನು ಅಭ್ಯಾಸ ಮಾಡಿದರು. ಆ ವಿಶ್ವವಿದ್ಯಾಲಯವು ಆಗ ಸ್ತ್ರೀಯರಿಗೆ ಪದವಿ ನೀಡುತ್ತಿರಲಿಲ್ಲ. ಅನಂತರ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯನ್ನು ಸೇರಿ 1920ರಲ್ಲಿ ವೈದ್ಯೆಯಾದರು. ರೋಗಿಗಳ ಚಿಕಿತ್ಸೆಗಿಂತ ಸಂಶೋಧನೆಯತ್ತಲೇ ಇವರ ಒಲವು ಹೆಚ್ಚಾಗಿತ್ತು.

ಭಾರತದಲ್ಲಿ ಸಂಶೋಧನೆ

ವೈದ್ಯೆ ಮಾರ್ಗರೆಟ್ ಬಾಲ್ಫರ್ ಅವರ ಆಹ್ವಾನದ ಮೇರೆಗೆ ವಿಲ್ಸ್ 1928ರಲ್ಲಿ ಬೊಂಬಾಯಿಗೆ ಬಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸ ಆರಂಭಿಸಿದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಸ್ತ್ರೀಯರಲ್ಲಿ ಅನೇಕರು ಗರ್ಭಿಣಿಯರಾಗಿದ್ದಾಗ ರಕ್ತಹೀನತೆಯಿಂದ ಸಾವಿಗೀಡಾಗುತ್ತಿದ್ದರು. ಅವರ ಕೆಂಪು ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ಅಸಹಜವಾಗಿ ದೊಡ್ಡದಾಗಿದ್ದವು. ಅವರ ಊಟವನ್ನು ಪರಿಶೀಲಿಸಿದ ವಿಲ್ಸ್, ಅದರಲ್ಲಿ ಹಣ್ಣು, ತರಕಾರಿ ಮತ್ತು ಪ್ರೋಟೀನ್‌ಗಳ ಕೊರತೆಯನ್ನು ಗುರುತಿಸಿದರು. ಕೂನೂರು ಮತ್ತು ಮದರಾಸುಗಳಲ್ಲಿಯೂ ಕೆಲಕಾಲ ಅಧ್ಯಯನ ಮುಂದುವರಿಸಿದರು.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈಸ್ಟ್ ಫಲ ನೀಡಿತು. ಬಳಿಕ ಈಸ್ಟ್‌ನ ಸಾರವಾದ ಮಾರ್ಮೈಟನ್ನು ಗರ್ಭಿಣಿಯರಿಗೆ ಕೊಟ್ಟಾಗ ಅವರು ಬೇಗನೆ ಚೇತರಿಸಿಕೊಂಡರು. ಬಿಯರ್ ತಯಾರಿಕೆಯಲ್ಲಿ ಉಳಿಯುವ ಈಸ್ಟ್‌ನಿಂದ ಮಾಡುತ್ತಿದ್ದ ಈ ಅಗ್ಗದ ಪದಾರ್ಥವು ಬಡವರಿಗೂ ಎಟಕುವ ಔಷಧವಾಯಿತು. 1931ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಶುದ್ಧೀಕರಿಸಿದ ಯಕೃತ್ತಿನ ಸಾರದಿಂದ ಈ ರೋಗ ಗುಣವಾಗದಿದ್ದುದರಿಂದ, ಇಲ್ಲಿ ಬೇರೊಂದು ಪೋಷಕಾಂಶವಿದೆಯೆಂಬುದು ಸ್ಪಷ್ಟವಾಯಿತು. ಅದಕ್ಕೆ 'ವಿಲ್ಸ್ ಅಂಶ' ಎಂಬ ಹೆಸರು ಬಂತು.

ಮಹತ್ವ

1941ರಲ್ಲಿ ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಲಾಯಿತು. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡವು 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಮಲೇರಿಯಾ ರೋಗಾಣುಗಳು ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಹೊಸ ಕಣಗಳ ಉತ್ಪತ್ತಿಗೆ ಫೋಲೇಟ್ ಬೇಕು. ಆದ್ದರಿಂದ ಮಲೇರಿಯಾ ಪೀಡಿತ ಗರ್ಭಿಣಿಯರಲ್ಲಿ ಅದರ ಅಗತ್ಯ ಇನ್ನೂ ಹೆಚ್ಚುತ್ತದೆ. ಇಂದು ಗರ್ಭಿಣಿಯರಿಗೆ ಕಬ್ಬಿಣಾಂಶದೊಡನೆ ಫೋಲಿಕ್ ಆಮ್ಲದ ಮಾತ್ರೆಗಳನ್ನೂ ನೀಡಲಾಗುತ್ತದೆ.

ಕೊನೆಯ ದಿನಗಳು

1947ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಿಂದ ನಿವೃತ್ತರಾದ ಬಳಿಕವೂ ವಿಲ್ಸ್ ಜಮೈಕಾ, ಫಿಜಿ ಮೊದಲಾದೆಡೆ ಪೋಷಣೆ ಮತ್ತು ರಕ್ತಹೀನತೆಯ ಅಧ್ಯಯನ ನಡೆಸಿದರು. ಚೆಲ್ಸಿಯಲ್ಲಿ ಲೇಬರ್ ಪಕ್ಷದ ಸ್ಥಳೀಯ ಪ್ರತಿನಿಧಿಯಾಗಿಯೂ ಸೇವೆ ಸಲ್ಲಿಸಿದರು. ಅವಿವಾಹಿತರಾಗಿದ್ದ ಇವರು 1964ರಲ್ಲಿ ನಿಧನರಾದರು.