ನಾಯಿಕೆಮ್ಮನ್ನು ಬೆನ್ನಟ್ಟಿದ ವಿದುಷಿ

ನಾಯಿಕೆಮ್ಮು ಎಂದು ಹೆಸರಿಟ್ಟ ನಮ್ಮ ಹಿರಿಯರ ಕಿವಿ ಬಲು ಸೂಕ್ಷ್ಮವಾದದ್ದು. ಉಸಿರಿಗೆ ಎಡೆಗೊಡದ ಕೆಮ್ಮಿನ ಸಾಲು, ಕಡೆಗೆ ಗಾಳಿಯನ್ನು ಒಳಗೆಳೆಯುವಾಗಿನ ಊಳು, ಎಲ್ಲವೂ ಆ ಹೆಸರಿನಲ್ಲಿಯೇ ಕೇಳಿಸುತ್ತದೆ. ಆದರೆ ಎಳೆಗೂಸಿನಲ್ಲಿ ಆ ಸದ್ದೇ ಇಲ್ಲದಿರಬಹುದು. ಉಸಿರು ಕಟ್ಟಿ ಮೈ ನೀಲಿಗಟ್ಟುತ್ತದೆ, ಅಷ್ಟೆ. ಚಿತ್ರದುರ್ಗದಲ್ಲಿ ಕನ್ನಡ ಪಾಠ ಹೇಳುವ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಪರ್ಲ್ ಕೆಂಡ್ರಿಕ್ ಎಂಬ ವಿದುಷಿಯ ಜೀವನ.

ಆಕೆ 1890ರಲ್ಲಿ ಅಮೆರಿಕದ ಇಲಿನಾಯ್ ಸಂಸ್ಥಾನದ ವೀಟನ್ ಎಂಬ ಊರಿನಲ್ಲಿ ಜನಿಸಿದರು. ಮೂರರ ಎಳೆತನದಲ್ಲಿ ತಾವೇ ನಾಯಿಕೆಮ್ಮಿಗೆ ಸಿಕ್ಕಿ ಬದುಕಿಕೊಂಡರು. ಕೆಲಕಾಲ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದರು (ನಮ್ಮ ವೃತ್ತಿಯವರೆಂದು ನನಗೊಂದು ಹೆಮ್ಮೆ). 1926ರಲ್ಲಿ ಮಿಷಿಗನ್ ಆರೋಗ್ಯ ಇಲಾಖೆಯವರು ಗ್ರಾಂಡ್ ರಾಪಿಡ್ಸ್ ಪಟ್ಟಣದ ಪ್ರಯೋಗಶಾಲೆಯನ್ನು ಆಕೆಗೊಪ್ಪಿಸಿದರು.

ರೋಗದ ಕ್ರಿಮಿಯನ್ನು ಬೋರ್ಡೆ ಮತ್ತು ಜಾಂಗೂ 1906ರಲ್ಲಿಯೇ ಬೇರ್ಪಡಿಸಿದ್ದರೂ ನೆಚ್ಚಬಹುದಾದ ಲಸಿಕೆ ಇನ್ನೂ ಕೈಗೆ ಬಂದಿರಲಿಲ್ಲ. 1932ರಲ್ಲಿ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಆ ಕೆಲಸಕ್ಕೆ ಕೈಹಾಕಿದರು. ಹಗಲೆಲ್ಲ ಹಾಲು ನೀರುಗಳ ಪರೀಕ್ಷೆ. ಸಂಜೆಯಾದ ಮೇಲೆ ಬಡವರ ಮನೆಗಳಿಗೆ ನಡಿಗೆ. ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ, ಕೆಮ್ಮುವ ಮಗುವಿನ ಬಾಯಿಯೆದುರು ರಕ್ತ ಬೆರೆಸಿದ ಗಾಜಿನ ತಟ್ಟೆಯನ್ನು ಹಿಡಿಯುವರು. ಅದರಲ್ಲಿ ಕ್ರಿಮಿ ಬೆಳೆದರೆ ರೋಗ ಖಚಿತ. ಮಗು ಎಷ್ಟು ವಾರಗಳವರೆಗೆ ಇತರರಿಗೆ ರೋಗವನ್ನು ಅಂಟಿಸಬಲ್ಲುದೆಂಬುದನ್ನೂ ಆ ತಟ್ಟೆಗಳೇ ತಿಳಿಸಿದವು. ಕೆಲಸವಿಲ್ಲದೆ ಕಂಗೆಟ್ಟ ಆ ಮನೆಗಳ ತಾಯಂದಿರು ಈ ಇಬ್ಬರನ್ನು ನಂಬಿ ಬಾಗಿಲು ತೆರೆದದ್ದೇ, ನನ್ನ ಎಣಿಕೆಯಲ್ಲಿ, ಇಡೀ ಕಥೆಯ ಹಿರಿದಾದ ಭಾಗ.

ಅನಾಥಾಲಯದ ಮಕ್ಕಳ ಮೇಲೆ ಪ್ರಯೋಗ ನಡೆಸುವುದು ಆಗ ವಾಡಿಕೆ. ಇವರು ಅದನ್ನು ಬಿಟ್ಟು, ತಮ್ಮ ಊರಿನ ಮನೆಗಳಲ್ಲಿಯೇ 1934ರಲ್ಲಿ ಪರೀಕ್ಷೆಯನ್ನಾರಂಭಿಸಿದರು. ಲಸಿಕೆ ಪಡೆದ 712 ಮಕ್ಕಳಲ್ಲಿ 4 ಮಂದಿಗೆ ಮಾತ್ರ ಕೆಮ್ಮು ಬಂದಿತು; ಪಡೆಯದ 880ರಲ್ಲಿ 45 ಮಂದಿಗೆ. 1936ರಲ್ಲಿ ಎಲಿನರ್ ರೂಸ್‌ವೆಲ್ಟ್ ಬಂದು ನೋಡಿ ಹೋದ ಮೇಲೆ ಹಣದ ನೆರವೂ ದೊರೆಯಿತು. ಕೆಂಡ್ರಿಕ್ 1980ರಲ್ಲಿ ತೀರಿಕೊಂಡರು.

ಅವರ ಲಸಿಕೆಗೆ ನಿಲುಕದೆ ಉಳಿದದ್ದು ನವಜಾತ ಶಿಶು. ತಾಯಿಯ ರಕ್ಷಕ ವಸ್ತು ಮಾಸಿನ ಮೂಲಕ ಕೂಸಿಗೆ ಇಳಿದು ಬರುವುದು ನಿಜ. ಆದರೆ ತಾಯಿಯಲ್ಲಿಯೇ ಅದು ಕುಗ್ಗಿದ್ದರೆ ಮಗುವಿಗೆ ದೊರೆಯುವುದು ಅತ್ಯಲ್ಪ. ದೊರೆತದ್ದೂ ಬಹುಕಾಲ ನಿಲ್ಲದು. ನಮ್ಮಲ್ಲಿ ಮೊದಲ ಚುಚ್ಚುಮದ್ದು 6ನೆಯ ವಾರಕ್ಕೆ, ಮುಂದಿನವು 10 ಮತ್ತು 14ಕ್ಕೆ. ಈ ನಡುವಣ ಬಯಲನ್ನು ದಾಟಿಸಲು ಬ್ರಿಟನ್ನಿನಲ್ಲಿ 2012ರಿಂದ ಗರ್ಭಿಣಿಯರಿಗೇ ಲಸಿಕೆ ಕೊಡುತ್ತಿದ್ದಾರೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಕೊಡುವ ಟಿಡಿ ಚುಚ್ಚುಮದ್ದು ಧನುರ್ವಾಯು, ಗಂಟಲಮಾರಿಗಳಿಗಷ್ಟೇ. ನಾಯಿಕೆಮ್ಮಿನ ಅಂಶವುಳ್ಳದ್ದು ಬೇಕಾದರೆ ವೈದ್ಯರನ್ನು ಕೇಳಬೇಕು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ಬರುವ ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರು ಎಳೆಯ ತಾಯಂದಿರು. ಬಾಣಂತಿಯನ್ನೂ ಕೂಸನ್ನೂ ಒಳಮನೆಯಲ್ಲಿರಿಸುವ ಅಜ್ಜಿಯರ ಕಟ್ಟಳೆಯನ್ನು ಕಂಡು ಅವರು ನಗುವುದುಂಟು. ದೊಡ್ಡವರಲ್ಲಿ ಈ ರೋಗ ವಾರಗಟ್ಟಲೆ ಬಿಡದ ಸಾಮಾನ್ಯ ಕೆಮ್ಮಿನಂತೆಯೇ ತೋರುತ್ತದೆ. ಅಂಥ ಕೆಮ್ಮು ಹೊತ್ತು, ಮಗುವನ್ನು ನೋಡಿ ಮುದ್ದಾಡಿ ಹೋಗಲು ಬರುವ ಬಂಧುವನ್ನು ಹೊಸ್ತಿಲಾಚೆಯೇ ಕೂರಿಸುವ ಅಧಿಕಾರ ಆ ಅಜ್ಜಿಗಲ್ಲದೆ ಮನೆಯಲ್ಲಿ ಇನ್ನಾರಿಗಿದೆ?